ಬೀಗರಿಗಿಟ್ಟ ಕಾಫಿ ಸಾಬೂನು

ಎಪ್ಪತ್ತರ ದಶಕದ ಇಳಕಲ್ಲಿನಲ್ಲಿ ನಮ್ಮದು ಅಪ್ಪಟ ಚಹಾದ ಮನೆ. ಮೈಸೂರು ಕಡೆಯಿಂದ ಸೊಸೆಯಾಗಿ ಬಂದ ಅತ್ತಿಗೆಯೂ ಚಹಾಕ್ಕೆ ಒಗ್ಗಿಹೋಗಿದ್ದಳು. ತವರಿನಿಂದ ತಂದ ಕಾಫಿಪುಡಿಯ ಡಬ್ಬಿಯನ್ನು ಮಾತ್ರ, ತನ್ನ ಅಪ್ಪ ಬಂದರೆ ಬೇಕೆಂದು ಮುಟ್ಟದೆ ಇಟ್ಟಿದ್ದಳು.

ಮಹಿಳಾ ಮಂಡಳದಲ್ಲಿ ಸಾಬೂನು ಮಾಡಲು ಕಲಿತುಬಂದ ಅವ್ವ, ಸೀರೆಯ ನೂಲಿಗೆ ಬಣ್ಣ ಹಾಕುವವರಿಂದ ಕಾಸ್ಟಿಕ್ ಸೋಡಾ ತಂದು ಕೊಬ್ಬರಿ ಎಣ್ಣೆಗೆ ಕಲಸಿದಳು. ಕಾಫಿ ಸೋಸಿ ಉಳಿದ ಗಸಿ ಹಾಕಬೇಕೆಂದು ಅಲ್ಲಿ ಹೇಳಿದ್ದರಂತೆ. ಚಹಾದ ಮನೆಯಲ್ಲಿ ಅದೆಲ್ಲಿಂದ ಬರಬೇಕು? ಅವ್ವ ಡಬ್ಬಿಯನ್ನೇ ಸುರಿದಳು.

"ಕುಡದು ಉಳಿದದ್ದ ಅಷ್ಟು ಛಲೋ ಅಂದಮ್ಯಾಲ ಹೊಸಾದು ಇನ್ನೂ ಛಲೋ ಅಲ್ಲೇನು" ಎಂದಳು. ಆ ಸಾಬೂನನ್ನು ನಾವ್ಯಾರೂ ಮುಟ್ಟುವಂತಿರಲಿಲ್ಲ. ಅದನ್ನೂ ಬೀಗರಿಗೆಂದೇ ಎತ್ತಿಟ್ಟಳು.

ಬೀಗರು, ಅಂದರೆ ಅತ್ತಿಗೆಯ ಅಪ್ಪ, ಕೊನೆಗೊಮ್ಮೆ ಬಂದರು. ನಮ್ಮಲ್ಲಿ ಬಂದವರಿಗೆ ಮೊದಲು ಕೈಕಾಲಿಗೆ ನೀರು, ಆಮೇಲೆ ಮಾತು. ಅವರು ಬಚ್ಚಲಿನಿಂದ ಹೊರಬಂದಾಗ ಕಾಫಿಯ ಘಮವೂ ಅವರ ಜೊತೆಗೇ ಪಡಸಾಲೆಗೆ ಬಂತು.

"ಕಾಫಿ ಜಾಸ್ತಿ ಬೇಡಮ್ಮ, ಅರ್ಧ ಲೋಟ ಸಾಕು" ಎಂದು ಸಂಕೋಚದಿಂದ ಹೇಳಿ ಕೂತರು.

ಅವ್ವ ಕಪ್ಪಿನ ತುಂಬ ಚಹಾ ತಂದಿಟ್ಟಳು. ಒಂದು ಗುಟುಕು ಕುಡಿಯುವುದು, ಒಮ್ಮೆ ಅಂಗೈ ಮೂಸುವುದು. ಹೀಗೆಯೇ ಬೀಗರು ಕಪ್ಪು ಖಾಲಿ ಮಾಡಿದರು.