ಇಸ್ಪೀಟು ಎಲೆಗೆ ಅಂಟಿಸಿದ ಅಪ್ಪನ ಪಟ್ಟಿ

ನಾನು ಇಸ್ಪೀಟು ಎಲೆ ಕೊಳ್ಳುವ ಹೆಂಗಸು ಎಂಬುದು ಜಮಖಂಡಿ ಬಸ್ ನಿಲ್ದಾಣದ ಹತ್ತಿರದ ಒಂದು ಅಂಗಡಿಗೆ ಮಾತ್ರ ಗೊತ್ತು. ಮೊದಲ ಸಲ ಅಂಗಡಿಯವನಿಗೆ, ನಮ್ಮ ಮನೆಯವರು ಆಡುತ್ತಾರೆ ಎಂದು ಸುಳ್ಳು ಹೇಳಿದೆ. ಆ ಸುಳ್ಳು ಗಂಡ ಕೆಲಸ ಮಾಡುವ ಸಮೀರವಾಡಿಯವರೆಗೆ ಹೋದರೆ ಏನು ಗತಿ ಎಂದು ವಾರವಿಡೀ ಚಿಂತಿಸಿ, ಮತ್ತೆ ಹೋಗಿ, ಅವು ಆಡಲಿಕ್ಕಲ್ಲ, ಚಿತ್ರ ಅಂಟಿಸಲಿಕ್ಕೆ ಎಂದು ತಿದ್ದಿದೆ. ಎಲೆಗಳನ್ನು ಕಾಗದದಲ್ಲಿ ಸುತ್ತಿಕೊಡುತ್ತ ಅವನು ಹೂಂ ಅಂದ. ಎರಡರಲ್ಲಿ ಯಾವುದನ್ನು ನಂಬಿದನೋ ಇಂದಿಗೂ ತಿಳಿಯದು. ನಾನು ಕಲಿಸುವ ಶಾಲೆಯ ಮಕ್ಕಳ ತಂದೆತಾಯಂದಿರೂ ಅದೇ ಅಂಗಡಿಗೆ ಹೋಗುತ್ತಾರೆ ಎಂಬ ಚಿಂತೆ ಆಮೇಲೆ ಶುರುವಾಯಿತು.

ಎರಡನೆಯದು ಖರೆ. ಎಲೆಯ ಒಂದು ಮುಖಕ್ಕೆ ಬಣ್ಣ ಬಳಿದು, ಬಟ್ಟೆಯ ಚೂರು, ಬಸ್ ಟಿಕೀಟು, ದಾರ, ಹಳೆಯ ಕ್ಯಾಲೆಂಡರಿನ ತುಣುಕು ಅಂಟಿಸಿ ಅದನ್ನು ಬೇರೆಯೇ ಒಂದು ವಸ್ತುವನ್ನಾಗಿ ಮಾಡುತ್ತೇನೆ. ಮಾಡಿದ್ದನ್ನು ಮುಖ ನೋಡದ ಜನರೊಂದಿಗೆ ಅಂಚೆಯಲ್ಲಿ ಅದಲುಬದಲು ಮಾಡಿಕೊಳ್ಳುತ್ತೇನೆ. ನಾವು ಎಂಟು ಊರಿನ ಎಂಟು ಜನ. ಒಂದು ವಿಷಯ ಗೊತ್ತುಮಾಡಿ ಪ್ರತಿಯೊಬ್ಬರೂ ಎಂಟೆಂಟು ಎಲೆ ಮಾಡುತ್ತೇವೆ. ಒಂದನ್ನು ಇಟ್ಟುಕೊಂಡು ಏಳನ್ನು ಸಾಂಗಲಿಯಲ್ಲಿರುವ ಒಬ್ಬ ನಿವೃತ್ತ ಚಿತ್ರಕಲಾ ಶಿಕ್ಷಕಿಗೆ ಕಳಿಸುತ್ತೇವೆ. ಅವರೂ ಎಂಟರಲ್ಲಿ ಒಬ್ಬರು. ಅವರು ಎಲ್ಲವನ್ನೂ ಹಂಚಿ, ಒಬ್ಬೊಬ್ಬರಿಗೆ ಉಳಿದ ಏಳು ಜನರ ಒಂದೊಂದು ಎಲೆ ಬರುವಂತೆ ಮಾಡುತ್ತಾರೆ. ಕೊಟ್ಟ ಎಲೆಯನ್ನು ಮರಳಿ ಕೇಳಬಾರದು ಎಂಬುದೊಂದೇ ನಿಯಮ. ನಾನು ಲಕೋಟೆ ಕೊಟ್ಟು ಮನೆಗೆ ಬಂದವಳು, ಅಂಟು ಸರಿಯಾಗಿ ಹತ್ತಿದೆಯೋ ಇಲ್ಲವೋ ಎಂದು ಕೇಳಲು ಮತ್ತೆ ಅಂಚೆ ಕಚೇರಿಗೆ ಹೋಗುತ್ತೇನೆ. "ನಿಮ್ಮ ಲಕೋಟಿ ಮೀರಜ ದಾಟಿರತೈತ್ರಿ ಅಕ್ಕಾರ, ನೀವು ಮನಿಗೆ ನಡೀರಿ," ಎನ್ನುತ್ತಾನೆ ಅಲ್ಲಿಯ ಗುಮಾಸ್ತ.

ಹೋದ ಚಳಿಗಾಲದ ವಿಷಯ "ಕಿಟಕಿ". ಎಲ್ಲರೂ ಚೌಕಟ್ಟು ಬರೆದು ಕಳಿಸುತ್ತಾರೆ, ನನ್ನದು ಹಾಗಿರಬಾರದು ಎಂಬ ಜಂಬದಲ್ಲಿ ನಾನಿದ್ದಾಗ ಬನಹಟ್ಟಿಯ ತವರಿಗೆ ಹೋಗುವ ಪ್ರಸಂಗ ಬಂತು. ನಮ್ಮದು ನೇಕಾರರ ಮನೆ. ಅಣ್ಣ ಈಗ ಎರಡು ವಿದ್ಯುತ್ ಮಗ್ಗ ಓಡಿಸುತ್ತಾನೆ. ಅಪ್ಪ ನೆಲದ ಕುಣಿಯಲ್ಲಿ ಕಾಲಿಳಿಸಿ ನೇಯುತ್ತಿದ್ದ ಕುಣಿಮಗ್ಗ ಹಿಂದಿನ ಖೋಲಿಯಲ್ಲಿ ಧೂಳು ಹೊದ್ದು ನಿಂತಿತ್ತು. ಅದರ ಮೇಲಿನ ಅಟ್ಟದಲ್ಲಿ, ಸೀರೆಗೆ ನಮೂನೆ ಮೂಡಿಸುವ ಜಕಾರ್ಡಿನ ತೂತಿನ ಪಟ್ಟಿಗಳ ಒಂದು ಕಟ್ಟು ಕಂಡಿತು. ದಪ್ಪ ಕಾಗದದ ಉದ್ದ ಪಟ್ಟಿಗಳು. ಒಂದರ ಬೆನ್ನಿಗೊಂದು ದಾರದಿಂದ ಹೊಲಿದು ಸರಪಳಿ ಮಾಡಿದ್ದು. ಅಗಲ ಸರಿಸುಮಾರು ಇಸ್ಪೀಟು ಎಲೆಯಷ್ಟೇ. ಮೈತುಂಬ ಗುಂಡನೆಯ ತೂತು. ಬೆಳಕಿಗೆ ಹಿಡಿದರೆ ದೊಡ್ಡ ವಾಡೆಯೊಂದರ ಕಿಟಕಿಗಳನ್ನು ದೂರದಿಂದ ನೋಡಿದಂತೆ.

ಅಣ್ಣ ಮಗ್ಗದ ಸದ್ದಿನಲ್ಲಿದ್ದ. ನಾನು ಅವನ ಹೆಂಡತಿ, ವೈನಿಯನ್ನು ಕೇಳಿದೆ.

"ಒಯ್ಯ ಬೇ ಯವ್ವಾ, ಹ್ಯಾಂಗೂ ಇಲಿ ತಿನ್ನಾಕತ್ತಾವ," ಅಂದಳು.

ಹೆಚ್ಚು ಆಸೆಪಡದೆ ಎರಡೇ ಪಟ್ಟಿ ಕತ್ತರಿಸಿಕೊಂಡೆ. ಒಂದೊಂದು ಪಟ್ಟಿಯಿಂದ ನಾಲ್ಕು ಎಲೆ, ಒಟ್ಟು ಎಂಟು. ಎಲೆಗಳಿಗೆ ಹಳದಿ ಬಣ್ಣ ಬಳಿದು, ತೂತುಗಳಲ್ಲಿ ಅದು ಕಾಣುವಂತೆ ಮೇಲೆ ತುಂಡುಗಳನ್ನು ಅಂಟಿಸಿದೆ. ನನ್ನ ಮಟ್ಟಿಗೆ ಅವು ನಾನು ಮಾಡಿದವುಗಳಲ್ಲೇ ಛಲೋ ಎಲೆಗಳು. ಸಾಂಗಲಿಯವರೂ ಹಾಗೇ ಬರೆದರು. ಉಬ್ಬಿಹೋದೆ.

ಸಂಕ್ರಾಂತಿ ಕಳೆದ ಮೇಲೆ ಅಣ್ಣನ ಫೋನು ಬಂತು. ಅವನ ಮಗಳು ಬಸುರಿ. ಕೊಟ್ಟ ಊರು ಗಲಗಲಿ. ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಗೊತ್ತಾಗಿತ್ತು, ತವರಿನವರು ಹಸಿರು ಸೀರೆ ಒಯ್ದು ಉಡಿಸಬೇಕು. ಅಂಗಡಿಯದು ಬೇಡ, ಅಪ್ಪನ ಗಿಳಿದಡಿ ಹಾಕಿ ತಾನೇ ನೇಯುತ್ತೇನೆ ಎಂದು ಅಣ್ಣ ಕುಣಿಮಗ್ಗದ ಧೂಳು ಝಾಡಿಸಿದ್ದ. ಸೀರೆಯ ಅಂಚಿನುದ್ದಕ್ಕೂ ಸಾಲಾಗಿ ಗಿಳಿ ಬರುವ ಆ ನಮೂನೆಯನ್ನು ಅಪ್ಪ ತಾನೇ ಲೆಕ್ಕ ಹಾಕಿ, ಒಂದೊಂದೇ ತೂತು ಹೊಡೆದು ಮಾಡಿದ್ದನಂತೆ. ಹೊಕ್ಕಿನ ಒಂದೊಂದು ಅಡ್ಡ ಎಳೆಗೆ ಒಂದೊಂದು ಪಟ್ಟಿ. ಅಪ್ಪ ಅವಕ್ಕೆ ಶಾಯಿಯಲ್ಲಿ ನಂಬರೂ ಹಾಕಿದ್ದ. ನಲವತ್ತೊಂದು, ನಲವತ್ತೆರಡು ಇರಲಿಲ್ಲ.

"ವಿಚಿತ್ರ ಇಲಿ ನೋಡ ಬೇ," ಅಂದ ಅಣ್ಣ. "ಕತ್ತರೀಲೆ ದಾರ ಕತ್ತರಿಸಿ ಒಯ್ದೈತಿ."

ನಾನು ನಕ್ಕೆ. ಆ ಮಾತಿಗೆ ಬೇಕಾದ್ದಕ್ಕಿಂತ ಜೋರಾಗಿ, ಹೆಚ್ಚು ಹೊತ್ತು ನಕ್ಕೆ. ಬಾಯಿ ಬಿಡಬೇಕಾದ ಹೊತ್ತು ಅದೇ ಆಗಿತ್ತು. ಆ ಎರಡು ಎಳೆ ಗಿಳಿಯ ಯಾವ ಜಾಗಕ್ಕೆ ಬರುತ್ತವೆ ಎಂದು ಮಾತ್ರ ಕೇಳಿದೆ. ಕಣ್ಣು, ಕೊಕ್ಕು ಎಂದ.

ಫೋನು ಇಟ್ಟ ಮೇಲೆ ನನಗೆ ಕಣ್ಣಿಲ್ಲದ ಗಿಳಿಗಳೇ ಕಾಣತೊಡಗಿದವು. ಬಸುರಿ ಹೆಣ್ಣಿನ ಹೊಟ್ಟೆಯ ಮೇಲೆ ಸಾಲುಸಾಲು ಕುರುಡು ಗಿಳಿ. ನಾನು ಶಕುನ ನಂಬುವವಳಲ್ಲ, ಆದರೆ ಇಂಥ ಹೊತ್ತಿನಲ್ಲಿ ಯಾವುದನ್ನೂ ಬಿಡುವವಳೂ ಅಲ್ಲ. ವೈನಿಗೆ ಗುಟ್ಟಾಗಿ ಫೋನು ಮಾಡಿದರೆ, ತಾನು ಇಲಿಯ ಮೇಲೆ ಹಾಕಿಬಿಟ್ಟಿದ್ದೇನೆ, ಈಗ ಹೇಗೆ ತಿರುಗಿಸಲಿ ಎಂದು ಅವಳೇ ಅಳುವ ಹಾಗಾದಳು. ಅಣ್ಣ ಎರಡು ಇಲಿಬೋನು ತಂದು ಇಟ್ಟಿದ್ದನಂತೆ.

ಸಾಂಗಲಿಯವರಿಗೆ ಬರೆದೆ. ಎಲೆಗಳನ್ನು ಮರಳಿ ಕೇಳುತ್ತಿಲ್ಲ, ನಿಯಮ ಮುರಿಯುತ್ತಿಲ್ಲ, ಫೋಟೋ ಮಾತ್ರ ಬೇಕು ಎಂದು ನಾಲ್ಕು ಸಲ ನಾಲ್ಕು ರೀತಿಯಲ್ಲಿ ಬರೆದೆ. ಅವರು ತಮ್ಮದರ ಫೋಟೋ ಕೂಡಲೇ ಕಳಿಸಿ, ಉಳಿದವರಿಗೂ ತಿಳಿಸಿದರು. ಇಪ್ಪತ್ತು ದಿನಗಳಲ್ಲಿ ಆರು ಊರಿನ ಆರು ಫೋಟೋ ಬಂದವು. ಒಬ್ಬರದು ತಲೆಕೆಳಗು. ಒಬ್ಬರು ಎಲೆಗಿಂತ ಹೆಚ್ಚಾಗಿ ತಮ್ಮ ಬೆಕ್ಕನ್ನೇ ತೆಗೆದಿದ್ದರು. ಅವುಗಳಲ್ಲಿ ಕಂಡ ತೂತುಗಳನ್ನು ಚೌಕಳಿ ಕಾಗದದ ಮೇಲೆ ಚುಕ್ಕಿಯಾಗಿ ಇಳಿಸುತ್ತ ಕೂತೆ. ನನ್ನ ಹತ್ತಿರವಿದ್ದ ಒಂದು ಸೇರಿ ಏಳು ತುಂಡಾಯಿತು. ಎಂಟನೆಯದು ಹೋಗಿದ್ದ ನಾಶಿಕದ ಹೆಂಗಸು ಅದನ್ನು ಬೇರೊಂದು ಗುಂಪಿನಲ್ಲಿ ಯಾರಿಗೋ ಕೊಟ್ಟುಬಿಟ್ಟಿದ್ದರು. ಯಾರಿಗೆಂದು ನೆನಪಿಲ್ಲ ಎಂದು ಬಹಳ ಸಂಕೋಚದಿಂದ ಬರೆದಿದ್ದರು. ನಲವತ್ತೆರಡನೆಯ ಪಟ್ಟಿಯ ಕಾಲು ಭಾಗ ಖಾಲಿ ಉಳಿಯಿತು.

ಆ ಖಾಲಿ ಜಾಗದಲ್ಲಿ ನಾನೇ ಅಂದಾಜಿನಿಂದ ಚುಕ್ಕಿ ಇಡಲು ನೋಡಿದೆ. ನೇಕಾರರ ಮನೆಯ ಮಗಳಾದರೂ ಲಾಳಿ ಹಿಡಿದವಳಲ್ಲ. ಇಟ್ಟೆ, ಅಳಿಸಿದೆ. ಕುಬಸಕ್ಕೆ ಹದಿನೈದು ದಿನ ಉಳಿದಿತ್ತು. ಕಾಗದವನ್ನು ಸುರುಳಿ ಸುತ್ತಿ ಬನಹಟ್ಟಿ ಬಸ್ ಹತ್ತಿದೆ. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಸಿಕ್ಕು ಬಸ್ಸು ತೆವಳುತ್ತಿದ್ದರೆ, ಜೀವಮಾನದಲ್ಲಿ ಮೊದಲ ಬಾರಿ ಇನ್ನಷ್ಟು ತಡವಾಗಲಿ ಎನಿಸಿತು.

ಅಣ್ಣನ ಮುಂದೆ ಕಾಗದ ಬಿಚ್ಚಿ ಎಲ್ಲ ಹೇಳಿದೆ. ಒಯ್ಯಿ ಎಂದ ವೈನಿಯ ಮಾತನ್ನಷ್ಟೇ ಬಿಟ್ಟೆ. ಒಳಗೆ ಭಾಂಡೆಗಳ ಸದ್ದು ನಿಂತಿತ್ತು. ಅಣ್ಣ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ನನ್ನ ಕಡೆ ನೋಡಲಿಲ್ಲ. ವೈನಿಯನ್ನು ಹೊರಗೆ ಕರೆದ.

"ಆಕಿ ಮನ್ಯಾಗ ಅವ್ವ ಹೊಲಿದ ಕೌದಿ ಐತೇನ ಕೇಳು."

ನಾನು ಒಂದು ಮೊಳ ದೂರದಲ್ಲಿ ನಿಂತಿದ್ದೆ. ವೈನಿ ನನ್ನ ಕಡೆ ತಿರುಗಿ, ಐತೇನ್ ಬೇ ಎಂದು ಕೇಳಿದಳು. ಐತಿ ಎಂದು ವೈನಿಗೆ ಹೇಳಿದೆ. ಐತಂತ ಎಂದು ಅವಳು ಅಣ್ಣನಿಗೆ ಹೇಳಿದಳು.

"ಅವ್ವನ ಗಿಳಿದಡಿ ಸೀರಿ ಅದರಾಗ ಹೋಗೈತಿ. ನಾಳೆ ತರಂತ ಹೇಳು."

ಮದುವೆಯಲ್ಲಿ ಅವ್ವ ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದು ಕೊಟ್ಟ ಆ ಕೌದಿಯನ್ನು ನಾನು ಇಪ್ಪತ್ತೆರಡು ವರ್ಷಗಳಿಂದ ಹೊದೆಯುತ್ತಿದ್ದೇನೆ. ಈ ಇಪ್ಪತ್ತು ದಿನವೂ ಅದರ ಕೆಳಗೇ ಮಲಗಿ ಗಿಳಿಯ ಚಿಂತೆ ಮಾಡಿದ್ದೇನೆ. ಮರುದಿನ ಒಯ್ದೆ. ವೈನಿ ಒಂದು ಮೂಲೆಯ ಹೊಲಿಗೆ ಬಿಚ್ಚಿದಳು. ಮೇಲಿನ ಪದರ ಎತ್ತಿದರೆ ಒಳಗೆ ಬಣ್ಣ ಮಾಸಿದ ದಡಿ, ಅದರ ಮೇಲೆ ಮೂರು ಗಿಳಿ, ಮೂರಕ್ಕೂ ಕಣ್ಣು. ಅಣ್ಣ ಭೂತಗನ್ನಡಿ ಹಿಡಿದು ಎಳೆ ಎಣಿಸಿದ. ಒಂದು ತಾಸಿನಲ್ಲಿ ಎರಡೂ ಪಟ್ಟಿಯ ಲೆಕ್ಕ ಕಾಗದದ ಮೇಲೆ ಬಂತು. ನನ್ನ ಏಳು ತುಂಡುಗಳಿಗೆ ಅದು ಸರಿಯಾಗಿ ಹೊಂದಿತು. ಹೊಂದಿತು ಎಂಬ ಸಮಾಧಾನದ ಹಿಂದೆಯೇ, ಅವುಗಳಿಗಾಗಿ ಪಟ್ಟ ಪಾಡು ಬೇಕೇ ಇರಲಿಲ್ಲ ಎಂಬುದೂ ತಿಳಿಯಿತು.

"ಫೋನ್ ಮಾಡಿದ ದಿನಾನಽ ಹೇಳಿದ್ರ ಆವತ್ತಽ ಆಗ್ತಿತ್ತು ಅಂತ ಹೇಳ ಆಕಿಗೆ," ಅಂದ ಅಣ್ಣ.

ವೈನಿ ಈ ಸಲ ಅದನ್ನು ನನಗೆ ದಾಟಿಸಲಿಲ್ಲ. ನೆಲ ನೋಡುತ್ತ, "ಒಯ್ಯಿ ಅಂದಾಕಿ ನಾನಽ ರೀ," ಅಂದಳು.

ಅಣ್ಣ ಅವಳನ್ನು ನೋಡಿದ, ನನ್ನನ್ನು ನೋಡಿದ. ಇಬ್ಬರ ಮೇಲೂ ಸಿಟ್ಟು ಬಂದ ಮೇಲೆ ಯಾರ ಮೂಲಕ ಯಾರಿಗೆ ಹೇಳುವುದು ಎಂಬ ತೊಡಕು ಅವನ ಮುಖದ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಎದ್ದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ತೂತು ಹೊಡೆಯುವ ಸಪ್ಪಳ ಕೇಳಿಸಿತು.

ಗಲಗಲಿಯಲ್ಲಿ ಕುಬಸ ಚೆನ್ನಾಗಿ ಆಯಿತು. ಹಸಿರು ಬಳೆ ತೊಡಿಸಿ, ಉಡಿ ತುಂಬಿ ಎಲ್ಲರೂ ಹಾಡಿದರು. ನಾನು ಮಾತ್ರ ಹುಡುಗಿಯ ಮುಖ ಬಿಟ್ಟು ಅವಳ ಸೀರೆಯ ಅಂಚನ್ನೇ ನೋಡುತ್ತಿದ್ದೆ. ಕಂಡಷ್ಟೂ ಗಿಳಿಗಳಿಗೆ ಕಣ್ಣಿತ್ತು. ನಿರಿಗೆಯೊಳಗಿನವುಗಳ ಬಗ್ಗೆ ಸ್ವಲ್ಪ ಚಿಂತೆಯಾಯಿತು. ಊಟ ಮುಗಿಸಿ ಕಟ್ಟೆಯ ಮೇಲೆ ಕೂತಾಗ ಅಣ್ಣ ಬಂದು ಪಕ್ಕದಲ್ಲಿ ಕೂತ. ವೈನಿ ಹತ್ತಿರದಲ್ಲಿ ಇರಲಿಲ್ಲ.

"ಅಪ್ಪನ ತುಂಡು ಇಟ್ಟುಕೊಂಡಾರಲ್ಲ ಆ ಮಂದಿ, ಅದು ಏನಂತ ಗೊತ್ತೈತೇನ ಅವ್ರಿಗೆ?"

ಗೊತ್ತಿಲ್ಲ, ಕಿಟಕಿ ಅಂದುಕೊಂಡಿದ್ದಾರೆ ಎಂದೆ.

"ಕಿಟಕಿ ಅಲ್ಲ ಅಂತ ಬರಿ."

ಅವರ ಜೊತೆ ಬನಹಟ್ಟಿಗೆ ಬಂದು, ಮರುದಿನ ಅಲ್ಲೇ ಉಳಿದು ಏಳು ಅಂಚೆ ಕಾರ್ಡು ಬರೆಯಲು ಕೂತೆ. ಅವನು ಹೇಳುವುದು, ನಾನು ಹಿಂದಿಯಲ್ಲಿ ಬರೆಯುವುದು. ಎಲ್ಲರಿಗೂ ಒಂದೇ ಒಕ್ಕಣೆ ಸಾಕು ಎಂದಿದ್ದೆ. ಅವನು ಒಪ್ಪಲಿಲ್ಲ. ಯಾರ ಹತ್ತಿರ ಯಾವ ತುಂಡಿದೆ ಎಂದು ಚೌಕಳಿ ಕಾಗದದ ಮೇಲೆ ಬೆರಳಿಟ್ಟು ಕೇಳಿದ. ಸಾಂಗಲಿಯವರದು ಕಣ್ಣಿನ ಅರ್ಧ. ನಾಶಿಕದವರು ಕೊಟ್ಟುಬಿಟ್ಟದ್ದು ಕೊಕ್ಕಿನ ತುದಿ, ಅದನ್ನೂ ಅವರಿಗೆ ತಿಳಿಸಬೇಕೆಂದ. ಕೊನೆಗೆ ಬೆಕ್ಕಿನ ಫೋಟೋ ಕಳಿಸಿದವರ ತುಂಡಿಗೆ ಬಂದು ಬೆರಳು ನಿಂತಿತು. ಅಲ್ಲಿ ಗಿಳಿಯ ಭಾಗ ಏನೂ ಇರಲಿಲ್ಲ.

"ಇವ್ರ ಪಾಲಿಗೆ ಬರೇ ಬಳ್ಳಿ ಬಂದೈತಿ," ಅಂದ. ಬಳ್ಳಿಯ ಚುಕ್ಕಿಗಳ ಮೇಲೆ ಬೆರಳಾಡಿಸಿದ. "ಗಿಳಿ ಇದರ ಮ್ಯಾಲಽ ಕುಂತೈತ್ರಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ ಅಂತ ಬರಿ."

ಹಾಗೇ ಬರೆದೆ.