ಅಜ್ಜಿಯ ಬಾಯಿಗೆ ಬೀಗ ಹಾಕಿದ ಎಲ್‌ಕೆಜಿ

ಮಗಳು ಕುಳಿತಿದ್ದ ಪುಟ್ಟ ಪ್ಲಾಸ್ಟಿಕ್ ಕುರ್ಚಿಯ ಕೆಳಗೆ ನೀರು ಹರಿಯತೊಡಗಿದಾಗ ನಾನು ಮೊದಲು ನೋಡಿದ್ದು ಅವಳ ಮುಖವನ್ನಲ್ಲ. ಮಿಸ್ಸಿನ ಮುಖವನ್ನು.

ಪುತ್ತೂರಿನ ಒಂದು ಶಾಲೆ. ಎಲ್‌ಕೆಜಿ ಅಡ್ಮಿಶನ್. (ಇಂಟರ್‌ವ್ಯೂ ಅನ್ನಬಾರದಂತೆ, ಸುಮ್ಮನೆ ಮಾತುಕತೆಯಂತೆ. ಆ ಸುಮ್ಮನೆ ಮಾತುಕತೆಗೆ ನಾನು ಇಡೀ ಬೇಸಿಗೆ ತಯಾರಿ ಮಾಡಿಸಿದ್ದೆ!)

ಕಡಬದ ನಮ್ಮ ಬಾಡಿಗೆ ಮನೆಯ ಗೋಡೆ ತುಂಬಾ ಚಾರ್ಟು. ಊಟಕ್ಕೆ ಕೂತರೆ ಅನ್ನ ‘ವೈಟ್’, ಸಾರು ‘ರೆಡ್’. ಮಗುವಿನ ಹತ್ತಿರ ಇಂಗ್ಲಿಷ್ ಮಾತ್ರ ಎಂದು ರೂಲ್ಸು ಬೇರೆ. ಗಂಡ ಪಾಪ, ಆ ರೂಲ್ಸಿಗೆ ಹೆದರಿ ಹೆಚ್ಚು ಹೊತ್ತು ಅಂಗಳದಲ್ಲೇ ಇರತೊಡಗಿದರು.

ಅಷ್ಟರಲ್ಲಿ ಸುಳ್ಯದ ಹತ್ತಿರದ ಆಲೆಟ್ಟಿಯಿಂದ ಅತ್ತೆ ಬಂದರು. ನನ್ನ ಹತ್ತಿರ ಕನ್ನಡ, ಮೊಮ್ಮಗಳ ಹತ್ತಿರ ತಮ್ಮ ಮನೆಮಾತು ಅರೆಭಾಷೆ. ಅವರಿಬ್ಬರ ಪಟ್ಟಾಂಗ ಶುರುವಾದರೆ ಮುಗಿಯುವುದೇ ಇಲ್ಲ. ಮರುದಿನವೇ ಹೇಳಿಬಿಟ್ಟೆ: “ಅತ್ತೆ, ಅಡ್ಮಿಶನ್ ಆಗುವವರೆಗೆ ಅವಳ ಹತ್ರ ಅರೆಭಾಷೆ ಬೇಡ. ಮಗುವಿಗೆ ಕನ್‌ಫ್ಯೂಸ್ ಆಗ್ತದೆ.”

“ಹಾಗಾದ್ರೆ ನಾನು ಎಂತ ಮಾತಾಡುದು?”

ನಾನು ಗೋಡೆಗೆ ಇನ್ನೊಂದು ಚಾರ್ಟು ಅಂಟಿಸತೊಡಗಿದೆ. ಅವರು ಮಾತೇ ಬಿಟ್ಟರು. ಮಗು ಹತ್ತಿರ ಬಂದರೆ ತಲೆ ಸವರಿ ನಗುತ್ತಿದ್ದರು, ಅಷ್ಟೆ. ಮನೆ ಶಾಂತವಾಯಿತೆಂದು ನನಗೆ ಖುಷಿಯೇ ಆಗಿತ್ತು, ನೋಡಿ.

ಶಾಲೆಯಲ್ಲಿ ಮಗಳು ಬಣ್ಣಗಳನ್ನೆಲ್ಲ ಪಟಪಟ ಹೇಳಿದಳು. ಹಣ್ಣು, ಪ್ರಾಣಿ ಎಲ್ಲವೂ ಸರಿ. ನಾನು ಬೀಗುತ್ತಿದ್ದೆ. ಅವಳು ಕಾಲಿಗೆ ಕಾಲು ಒತ್ತಿಕೊಂಡು ಒದ್ದಾಡುತ್ತಿದ್ದದ್ದು ಕಾಣಲಿಲ್ಲವೇ? ಕಂಡಿತ್ತು. “ಸಿಟ್ ಪ್ರಾಪರ್ಲಿ” ಎಂದು ಪಿಸುಗುಟ್ಟಿದೆ. ಆಮೇಲೆ ಆದದ್ದೇ ಅದು.

ನಾನು ಮಗುವನ್ನು ಎತ್ತಿಕೊಳ್ಳಬೇಕಿತ್ತು. ಅದು ಬಿಟ್ಟು, ಹಲ್ಲು ಕಿರಿದು, “ಹೀಗೆಲ್ಲ ಮಾಡುವವಳೇ ಅಲ್ಲ ಮಿಸ್. ಹಳ್ಳಿಯಿಂದ ಅಜ್ಜಿ ಬಂದಿದ್ದಾರೆ, ಅದಕ್ಕೆ ಸ್ವಲ್ಪ ಡಿಸಿಪ್ಲಿನ್ ತಪ್ಪಿದೆ” ಅಂದೆ.

ನಮ್ಮ ಜೊತೆ ಬಂದಿದ್ದ ಅತ್ತೆ ಬಾಗಿಲಲ್ಲೇ ನಿಂತಿದ್ದರು.

ಒಳಗೆ ಬಂದು, ತಮ್ಮ ಸೆರಗಿನಿಂದ ಮಗುವಿನ ಕಾಲು ಒರೆಸಿದರು. ಮಿಸ್ ಬಗ್ಗಿ ಮೆಲ್ಲಗೆ ಕೇಳಿದರು, “ಒಂದು ಮಾತು ಹೇಳ್ಬಹುದಿತ್ತಲ್ಲ ಮಗಾ?”

“ಅದ್ರ ಇಂಗ್ಲಿಷ್ ನಂಗೆ ಗೊತ್ತಿಲ್ಲ” ಅಂದಳು ಮಗಳು. ಅನ್ನುವಾಗ ಹೆದರಿ ನೋಡಿದ್ದು ನನ್ನನ್ನು.

(ಜಿರಾಫೆ, ಜೀಬ್ರಾ ಎಲ್ಲ ಕಲಿಸಿದ್ದೆ. ಉಚ್ಚೆ ಬಂದರೆ ಏನು ಹೇಳಬೇಕೆಂದು ಕಲಿಸಿರಲಿಲ್ಲ.)

ಸೀಟು ಸಿಕ್ಕಿತು. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆಯ ಕೈ ಹಿಡಿದು, “ನಾನು ಹಾಗೆ ಹೇಳಬಾರದಿತ್ತು” ಅಂದೆ.

“ಬಿಡು ಮಾರಾಯ್ತಿ. ಮಗು ಹೆದರಿದೆ, ಅದನ್ನು ನೋಡು” ಅಂದರು. ಮರುದಿನ ಬೆಳಿಗ್ಗೆಯೇ ಸುಳ್ಯದ ಬಸ್ಸು ಹತ್ತಿದರು. ತೋಟದಲ್ಲಿ ಕೆಲಸ ಉಂಟಂತೆ. ನಂಬಿದ ಹಾಗೆ ಮಾಡಿದೆ.

ಚಾರ್ಟು ಕಿತ್ತು ಹಾಕಿದೆ, ರೂಲ್ಸೂ ಹೋಯಿತು. ಮಗಳು ನಗುತ್ತಾ ಶಾಲೆಗೆ ಹೋಗುತ್ತಿದ್ದಾಳೆ. ಎಲ್ಲ ಸರಿಹೋಯಿತು ಅಂದುಕೊಂಡಿದ್ದೆ. ಮೊನ್ನೆ ಭಾನುವಾರ ಅತ್ತೆಗೆ ಫೋನ್ ಮಾಡಿ, “ಇವಳ ಹತ್ರ ಮಾತಾಡಿ” ಎಂದು ಮಗಳಿಗೆ ಕೊಡಹೊರಟೆ. ಆ ಕಡೆಯಿಂದ ಸಣ್ಣ ದನಿ: “ನಮ್ಮ ಭಾಷೆಯಲ್ಲಿ ಮಾತಾಡಿದ್ರೆ ತೊಂದರೆ ಇಲ್ವಾ?”

ಸ್ವಂತ ಮೊಮ್ಮಗಳ ಜೊತೆ ಮಾತಾಡಲು ಅಜ್ಜಿ ನನ್ನ ಪರ್ಮಿಶನ್ ಕೇಳುತ್ತಿದ್ದಾರೆ. ಇನ್ನು ಯಾವ ಮುಖ ಇಟ್ಟುಕೊಂಡು ಆಲೆಟ್ಟಿಗೆ ಹೋಗಲಿ, ಹೇಳಿ?