ಅಸಂಖ್ಯರಲ್ಲಿ ನಾನೂ ಒಬ್ಬ

ನಮ್ಮ ಕಡೆ ಯಾರೇ ತೀರಿಕೊಳ್ಳಲಿ, 'ಅಸಂಖ್ಯ ಬಂಧುಮಿತ್ರರನ್ನು ಅಗಲಿದ್ದಾರೆ' ಎಂದೇ ತಿಥಿ ಕಾರ್ಡಿನಲ್ಲಿ ಅಚ್ಚಾಗುತ್ತದೆ. ಬದುಕಿದ್ದಾಗ ಒಂದು ಲೋಟ ಕಾಫಿಗೂ ಯಾರೂ ಕರೆಯದ ಮನುಷ್ಯನಿಗೆ ಸತ್ತ ಮರುದಿನವೇ ಎಣಿಕೆಗೆ ನಿಲುಕದ ಬಂಧುಗಳು ಹುಟ್ಟಿಕೊಳ್ಳುವುದು ಈ ಶಬ್ದದ ಮಹಿಮೆ. ಸಂಖ್ಯೆ ಎಂದರೆ ಸಾಕ್ಷಿ ಬೇಕು. ಅಸಂಖ್ಯಕ್ಕೆ ಅಂಥ ಹಂಗಿಲ್ಲ. ಸಕಲೇಶಪುರದ ಸಭೆಗಳಲ್ಲಿ ಹದಿನೇಳು ಕುರ್ಚಿಗಳೆದುರು ನಿಂತು 'ನೆರೆದಿರುವ ಅಸಂಖ್ಯ ಬೆಳೆಗಾರ ಬಾಂಧವರೇ' ಎಂದು ನಾನೇ ಎಷ್ಟೋ ಸಲ ಗುಡುಗಿದ್ದೇನೆ, ಕುರ್ಚಿಗಳು ಆಕ್ಷೇಪಿಸಿಲ್ಲ. ತೋಟಕ್ಕೆ ನುಗ್ಗುವ ಕಾಡಾನೆಗಳನ್ನು ಮಾತ್ರ ನಾವು ಒಂಟಿ, ಜೋಡಿ, ಮರಿ ಎಂದು ಕರಾರುವಾಕ್ಕಾಗಿ ಎಣಿಸುತ್ತೇವೆ. ಅವು ನಿಜವಾಗಿ ಬರುತ್ತವಲ್ಲ!

ನಮ್ಮೂರು ವನಗೂರಿನಲ್ಲಿ ಅಲಂಕಾರವಾಗಿ ಬರೆಯಬಲ್ಲವನೆಂಬ ಅಪಖ್ಯಾತಿ ನನಗಿರುವುದರಿಂದ, ಬಾಡಿಗೆ ಜೀಪು ಓಡಿಸುತ್ತಿದ್ದ ಪುಟ್ಟೇಗೌಡರು ತೀರಿಕೊಂಡಾಗ ಹನ್ನೊಂದನೇ ದಿನದ ಕಾರ್ಡು ಬರೆಯುವ ಕೆಲಸ ನನ್ನ ಪಾಲಿಗೇ ಬಂತು. ಮಕ್ಕಳಿಲ್ಲದ ಅವರಿಗೆ ಇದ್ದವರು ಹೆಂಡತಿ ಜಯಮ್ಮ ಒಬ್ಬರೇ. ಆದರೆ ತುಂಬು ಬಸುರಿಯರನ್ನೂ ಹಾವು ಕಚ್ಚಿದವರನ್ನೂ ಆ ಕಡಿದಾದ ರಸ್ತೆಯಲ್ಲಿ ಆಸ್ಪತ್ರೆ ಮುಟ್ಟಿಸಿದವರು ಅವರು. ಆ ಜೀಪು ಹತ್ತದ ಮನೆಯೇ ಊರಲ್ಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಆ ಶಬ್ದವನ್ನು ಪ್ರಾಮಾಣಿಕವಾಗಿ ಬಳಸುತ್ತಿದ್ದೇನೆಂಬ ಹೆಮ್ಮೆಯಿಂದ 'ಪತ್ನಿ ಹಾಗೂ ಅಸಂಖ್ಯ ಬಂಧುಮಿತ್ರರನ್ನು' ಎಂದು ಬರೆದು, ಜಯಮ್ಮನವರಿಗೆ ರಾಗವಾಗಿ ಓದಿ ಹೇಳಿದೆ.

"ಅಸಂಖ್ಯ ಅಂದ್ರೆ ಏನಣ್ಣ?" ಎಂದು ಕೇಳಿದರು.

"ಎಣಿಸೋಕಾಗ್ದಷ್ಟು ಜನ ಕಣಮ್ಮ."

ಅವರು ಅಂಗಳದಲ್ಲಿ ನಿಂತಿದ್ದ ಜೀಪಿನ ಕಡೆ ನೋಡಿದರು. "ಅಷ್ಟು ಜನ ಇದ್ರಾ? ಮತ್ತೆ ಅವತ್ತು ಚಟ್ಟಕ್ಕೆ ನಾಕ್ನೇ ಹೆಗಲು ಸಿಗ್ದೆ ಒಂದು ಗಂಟೆ ಕಾಯ್ಕಂಡು ಕೂತಿದ್ವಲ್ಲಣ್ಣ. ನೀವೂ ಬರ್ಲಿಲ್ಲ."

ಹೆಣ ಎತ್ತಿದ ದಿನ ಮೋಡ ಕವಿದಿತ್ತು. ಊರಿಗೆ ಊರೇ ಕಣದಲ್ಲಿ ಹರವಿದ್ದ ಕಾಫಿಗೆ ಟಾರ್ಪಾಲು ಹೊದಿಸುತ್ತಿತ್ತು. ಯಾರಾದರೂ ಹೋಗಿರುತ್ತಾರೆ ಎಂದು ನಾನು ಅಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಂಡರು. ಹೀಗೆ ಒಬ್ಬರನ್ನೊಬ್ಬರು ನಂಬಿ ಮನೆಯಲ್ಲೇ ಉಳಿದವರಿಗೆ ಅಸಂಖ್ಯರೆನ್ನುತ್ತಾರೆಂದು ಯಾವ ನಿಘಂಟೂ ನನಗೆ ಹೇಳಿರಲಿಲ್ಲ. ತುಂಬಾ ನಾಚಿಕೆಯಾಯಿತು. ಆ ಪದವನ್ನು ಹೊಡೆದುಹಾಕಿದೆ.

"ಹೆಂಡ್ತಿನ ಬುಟ್ಟೋದ್ರು ಅಂತ ಬರೀರಿ, ಸಾಕು," ಎಂದರು ಜಯಮ್ಮ.

ಹನ್ನೊಂದನೇ ದಿನ ಬಿಸಿಲು ಚೆನ್ನಾಗಿತ್ತು. ಮೂರು ಪಂಕ್ತಿ ಎದ್ದರೂ ಜನ ಮುಗಿಯಲಿಲ್ಲ, ಎಲೆ ಸಾಲದೆ ಹೋಯಿತು. ಕೊನೆಯ ಪಂಕ್ತಿಯವರೆಗೂ ನಾನು ತಲೆ ತಗ್ಗಿಸಿಕೊಂಡು ಸಾರಿನ ಬಕೆಟ್ಟು ಹಿಡಿದು ಓಡಾಡಿದೆ. ಜಯಮ್ಮ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಅಷ್ಟು ಜನರನ್ನು ಎಣಿಸಲಾಗದೆಂದು ನೀವು ತಿಳಿಯಬೇಡಿ, ಅವರು ಎಣಿಸುತ್ತಿದ್ದರು.